ಐದೇ ಮೊಟ್ಟೆ ತೆಗೆಯುತ್ತಿದ್ದವರು

ನಮ್ಮ ಮೇಡಂ ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಳದಿ. ಎಷ್ಟು ಸೋಪು ಹಚ್ಚಿ ತಿಕ್ಕಿದರೂ ಹೋಗದ ಹಳದಿ. ಮದುವೆ ಮನೆಗೆ ಹೋದರೆ ಹೆಂಗಸರು ಇವರು ಅರಿಶಿನ ಕಲಸಿ ಬಂದವರು ಅಂದುಕೊಳ್ಳುತ್ತಿದ್ದರು. ಅರಿಶಿನವೂ ಅಲ್ಲ, ಮಣ್ಣೂ ಅಲ್ಲ. ಕಪ್ಪೆಯ ಭ್ರೂಣ ಕೊಳೆಯದ ಹಾಗೆ ಅದ್ದಿಡುವ ಒಂದು ದ್ರಾವಣದ ಬಣ್ಣ ಅದು. ಕೈಗವಸು ಹಾಕಿಕೊಳ್ಳಿ ಎಂದು ನಮ್ಮನ್ನೆಲ್ಲ ಗದರಿಸುವವರು ತಾವು ಮಾತ್ರ ಹಾಕುತ್ತಿರಲಿಲ್ಲ. ಸಾಬಕ್ಕಿ ಕಾಳಿನಷ್ಟಿರುವ ಮೊಟ್ಟೆ ಗವಸಿನ ಕೈಗೆ ಮಾತು ಕೇಳುವುದಿಲ್ಲ ಎನ್ನುವುದು ಅವರ ವಾದ.

ತೀರಿಕೊಂಡವರ ಬಗ್ಗೆ ಬರೆಯುವಾಗ ಭಕ್ತಿಯಿಂದ ಶುರುಮಾಡಬೇಕಂತೆ. ನನಗೆ ಭಕ್ತಿ ಇಲ್ಲವೆಂದಲ್ಲ. ಆದರೆ ಬರೆಯಲು ಕೂತರೆ ಮೊದಲು ಮೇಲೆದ್ದು ಬರುವುದು ಹೇಸಿಗೆ. ಅವರ ಮೇಲಲ್ಲ, ಅವರ ಸುತ್ತ ಇದ್ದ ನಮ್ಮಂಥವರ ಮೇಲೆ. ಆ ಸಾಲಿನಲ್ಲಿ ಮೊದಲು ನಿಲ್ಲಬೇಕಾದವಳು ನಾನೇ.

ದಾಸನಕೊಪ್ಪದ ಕಿರಾಣಿ ಅಂಗಡಿಯವರ ಮಗಳು ಅವರು. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ನಾಲಿಗೆಯ ಮೇಲೆ ಬನವಾಸಿ ಕಡೆಯ ಮಾತು. ನಮ್ಮ ವಿಶ್ವವಿದ್ಯಾಲಯದ ದೊಡ್ಡ ಊರಿನಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿದರೂ ಆ ಮಾತು ಒಂದಿಷ್ಟೂ ಸವೆದಿರಲಿಲ್ಲ. ಕಪ್ಪೆ ಕೊಯ್ಯುವ ಕೆಲಸ ಎಂದು ನೆಂಟರು ಮೂಗು ಮುರಿಯುತ್ತಿದ್ದರು. ಒಮ್ಮೆ ನೋಡಲು ಬಂದ ಗಂಡಿನ ತಾಯಿ ನಿನ್ನ ಕೆಲಸವೇನು ಎಂದು ಕೇಳಿದರಂತೆ. ಇವರು ಉತ್ಸಾಹದಿಂದ ಒಳಗೆ ಹೋಗಿ, ಡಬ್ಬಿಯಲ್ಲಿಟ್ಟಿದ್ದ ಮೊಟ್ಟೆಗಳನ್ನೇ ತಂದು ಅವರ ಉಪ್ಪಿಟ್ಟಿನ ತಟ್ಟೆಯ ಪಕ್ಕ ಇಟ್ಟರಂತೆ. "ಚಾ ಸೈತ ಮುಟ್ಟಲಿಲ್ಲ ನೋಡವಾ, ಎದ್ದು ಹೋದ್ರು" ಎಂದು ನಗುತ್ತಿದ್ದರು. ಆಮೇಲೆ ಮದುವೆಯ ಮಾತೇ ಬರಲಿಲ್ಲ. ಅದಕ್ಕೆ ಅವರು ಮರುಗಿದ್ದನ್ನು ನಾನಂತೂ ಕಾಣಲಿಲ್ಲ.

ಅವರ ಇಡೀ ಜೀವನ ಒಂದು ಕಪ್ಪೆಯ ಹಿಂದೆ ಹೋಯಿತು. ನಮ್ಮ ಕಡೆ ಮಳೆ ಹಿಡಿದ ಕೂಡಲೆ ಪೊದೆಯೊಳಗಿಂದ ಟಿಕ್ ಟಿಕ್ ಅನ್ನುತ್ತದಲ್ಲ, ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು, ಅದು. ಬೇರೆ ಕಪ್ಪೆಗಳ ಹಾಗೆ ಇದು ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ, ಎಲೆಯ ಮೇಲಿಡುತ್ತದೆ. ಇದಕ್ಕೆ ಗೊದಮೊಟ್ಟೆಯ ಕಾಲವೇ ಇಲ್ಲ. ಮೊಟ್ಟೆ ಒಡೆದರೆ ನಾಲ್ಕು ಕಾಲಿನ ಪೂರಾ ಕಪ್ಪೆಯೇ ಹೊರಗೆ ಬರುತ್ತದೆ. ಹಾಗಾದರೆ ಬಾಲ ಎಲ್ಲಿ ಹೋಯಿತು? ಮೊಟ್ಟೆಯೊಳಗೆ ಸ್ವಲ್ಪ ದಿನ ಬಾಲ ಕಾಣಿಸಿಕೊಳ್ಳುತ್ತದೆ, ಆಮೇಲೆ ಕರಗುತ್ತದೆ. ಅದನ್ನು ಕರಗಿಸುವ ಜೀನ್‌ಗಳು ಎಷ್ಟನೆಯ ದಿನ ಎದ್ದು ಕೆಲಸ ಶುರುಮಾಡುತ್ತವೆ? ಸಿದ್ದಾಪುರದ ಕಪ್ಪೆಗೂ ಸಿರಸಿಯ ಕಪ್ಪೆಗೂ ಯಲ್ಲಾಪುರದ ಕಪ್ಪೆಗೂ ಅದು ಒಂದೇ ದಿನವೇ? ಈ ಪ್ರಶ್ನೆಗಾಗಿ ಸಿರಸಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದು ವಿಶ್ವವಿದ್ಯಾಲಯದ ಕ್ಷೇತ್ರ ಕೇಂದ್ರ ಅಂತ ಬೋರ್ಡು ಹಾಕಿಸಿದ್ದರು. ಮಳೆಗಾಲ ನಾಲ್ಕು ತಿಂಗಳೂ ಅವರ ವಾಸ ಅಲ್ಲೇ. ನಾನು ಅವರಲ್ಲಿ ಪಿಎಚ್‌ಡಿಗೆ ಸೇರಿದೆ. ನಮ್ಮ ಮನೆ ಮಾಗೋಡಿನ ಹತ್ತಿರ. ಕಪ್ಪೆ ಅಂದ ಕೂಡಲೆ ನಮ್ಮ ಅಮ್ಮ, "ಓದಲೆ ಬೇರೆ ಎಂತೂ ಸಿಕ್ಕಿದ್ದಿಲ್ಯನೆ ನಿಂಗೆ" ಎಂದಿದ್ದಳು.

ಮೇಡಂಗೆ ಒಂದು ಕಟ್ಟುನಿಟ್ಟು ಇತ್ತು. ಒಂದು ಎಲೆಯ ಮೇಲೆ ಇಪ್ಪತ್ತು, ಮೂವತ್ತು ಮೊಟ್ಟೆ ಇರುತ್ತವೆ. ಅದರಲ್ಲಿ ಐದೇ ತೆಗೆಯಬೇಕು. "ಒಂದು ಎಲಿ, ಐದು ಮೊಟ್ಟಿ. ಉಳಿದದ್ದು ಅದರ ಅವ್ವಂದು" ಅನ್ನುತ್ತಿದ್ದರು. ಕೊಲ್ಲುವ ಕೆಲಸದಲ್ಲಿ ಒಂದು ಮರ್ಯಾದೆ ಬೇಡವೇ ಎನ್ನುವುದು ಒಂದು ಕಾರಣ. ಒಂದೇ ತಾಯಿಯ ಮಕ್ಕಳನ್ನು ರಾಶಿ ಹಾಕಿಕೊಂಡು ಊರಿಡೀ ಕಪ್ಪೆಗಳ ಲಕ್ಷಣ ಹೇಳುವುದು ತಪ್ಪು ಎನ್ನುವುದು ಇನ್ನೊಂದು. ಕೇಳಲಿಕ್ಕೆ ಚಂದ. ಆದರೆ ಆ ಐದರ ಲೆಕ್ಕದಲ್ಲಿ ತೊಂಬತ್ತು ಮೊಟ್ಟೆ ಬೇಕೆಂದರೆ ಹದಿನೆಂಟು ಎಲೆ ಬೇಕು. ಮೊಟ್ಟೆ ಇಟ್ಟ ದಿನ ಸರಿಯಾಗಿ ಗೊತ್ತಾಗಬೇಕೆಂದರೆ ಗುರುತು ಹಾಕಿದ ಪೊದೆಗಳನ್ನು ದಿನಾ ಹೋಗಿ ನೋಡಬೇಕು. ಇವತ್ತು ಸಿದ್ದಾಪುರ, ನಾಳೆ ಯಲ್ಲಾಪುರ, ಮತ್ತೆ ಸಿದ್ದಾಪುರ. ಒದ್ದೆ ಬಸ್ಸು, ಒದ್ದೆ ಚಪ್ಪಲಿ, ಕಾಲ ತುಂಬ ರಕ್ತ ಹೀರುವ ಉಂಬಳ.

ಮೊದಲ ವರ್ಷ ನಾನು ನಿಯತ್ತಾಗಿ ಓಡಾಡಿದೆ. ಅದು ಕಲಿಯುವ ವರ್ಷ. ಸಂಜೆ ಬಂದರೆ ಮೇಡಂ ನನ್ನ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಉಂಬಳ ಕಚ್ಚಿದಲ್ಲೆಲ್ಲ ಸುಣ್ಣ ಹಚ್ಚುತ್ತಿದ್ದರು. ನಾನು ಬೇಡ ಎಂದು ಕಾಲು ಎಳೆದುಕೊಂಡರೆ ಒಂದು ಏಟು ಬೀಳುತ್ತಿತ್ತು.

ಎರಡನೆಯ ಮಳೆಗಾಲದಲ್ಲಿ ನನ್ನ ಸೋಮಾರಿತನ ತಲೆ ಎತ್ತಿತು. ರಜೆಗೆಂದು ಮನೆಗೆ ಹೋದಾಗ ನಮ್ಮ ಬಚ್ಚಲಮನೆಯ ಹಿಂದಿನ ಕಾಫಿ ಗಿಡದ ಒಂದು ಎಲೆಯ ಮೇಲೆ ಆಗಷ್ಟೇ ಇಟ್ಟ ಮೂವತ್ತು ಮೊಟ್ಟೆ ಇದ್ದವು. ಐದು ತೆಗೆದೆ. ಕೈ ಅಲ್ಲಿಗೇ ನಿಲ್ಲಲಿಲ್ಲ. ಉಳಿದ ಇಪ್ಪತ್ತೈದನ್ನೂ ತೆಗೆದೆ. ಹತ್ತು ಮೊಟ್ಟೆ ಒಂದು ಡಬ್ಬಿಗೆ ಹಾಕಿ ಸಿದ್ದಾಪುರ ಎಂದು ಬರೆದೆ, ಹತ್ತಕ್ಕೆ ಸಿರಸಿ ಎಂದೆ, ಹತ್ತಕ್ಕೆ ಮಾತ್ರ ನಿಜವಾದ ಊರು, ಯಲ್ಲಾಪುರ. ಒಮ್ಮೆ ರುಚಿ ಹತ್ತಿದ ಮೇಲೆ ಬಿಡುವವಳೇ ನಾನು? ಆ ಮಳೆಗಾಲ ಮುಗಿಯುವುದರೊಳಗೆ ಅದೇ ಗಿಡದ ಇನ್ನೂ ಎರಡು ಎಲೆಗಳನ್ನು ಹೀಗೆಯೇ ಖಾಲಿ ಮಾಡಿದೆ. ಮೂರು ಎಲೆಗೆ ತೊಂಬತ್ತು. ಸಿದ್ದಾಪುರಕ್ಕೆ ಹೋಗುತ್ತೇನೆಂದು ಬೆಳಿಗ್ಗೆ ಹೊರಟು, ಸಿರಸಿ ಪೇಟೆಯಲ್ಲೇ ಗೆಳತಿಯ ರೂಮಿನಲ್ಲಿ ಬೆಚ್ಚಗೆ ಮಲಗಿ, ಸಂಜೆ ಚಪ್ಪಲಿಗೆ ಕೆಸರು ಮೆತ್ತಿಕೊಂಡು ಬರುತ್ತಿದ್ದೆ.

ಒಂದು ಸಂಜೆ ಮೇಡಂ ಸುಣ್ಣದ ಡಬ್ಬಿ ಹಿಡಿದು ಬಂದು, ಈ ವರ್ಷ ಉಂಬಳ ಯಾಕೆ ಕಚ್ಚಿಲ್ಲ ಎಂದು ಕೇಳಿದರು. ಸಾಕ್ಸಿನೊಳಗೆ ನಶ್ಯಪುಡಿ ಉದುರಿಸಿಕೊಂಡು ಹೋಗುತ್ತೇನೆ ಮೇಡಂ, ಒಂದೂ ಹತ್ತಿರ ಬರುವುದಿಲ್ಲ ಎಂದೆ. ಅವರು ಅದನ್ನು ನಂಬಿದ್ದಷ್ಟೇ ಅಲ್ಲ, ತಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರು. ಹೊರಗಿನಿಂದ ಬಂದ ಸಂಶೋಧಕರಿಗೆಲ್ಲ ಇದು ನಮ್ಮ ಹುಡುಗಿ ಕಂಡುಹಿಡಿದ ಉಪಾಯ ಎಂದು ಹೇಳಿಕೊಂಡು ತಿರುಗಿದರು. ಥೂ, ಇವತ್ತಿಗೂ ನಶ್ಯದ ಡಬ್ಬಿ ಕಂಡರೆ ಮುಖ ತಿರುಗಿಸುತ್ತೇನೆ.

ಮೂರೂ ತಾಲೂಕಿನ ಕಪ್ಪೆಗಳಲ್ಲಿ ಬಾಲದ ಜೀನ್‌ಗಳು ಒಂದೇ ದಿನ ಎದ್ದು ಒಂದೇ ದಿನ ಮಲಗುತ್ತವೆ ಎಂದು ನಮ್ಮ ಫಲಿತಾಂಶ ಬಂತು. ಬಾರದೆ ಏನು ಮಾಡುತ್ತದೆ? ಒಂದೇ ಬಚ್ಚಲಿನ ಹಿಂದಿನ ಮೊಟ್ಟೆಗಳು. ಲೇಖನ ವಿದೇಶದ ದೊಡ್ಡ ಪತ್ರಿಕೆಯಲ್ಲಿ ಬಂತು. ಮೊದಲ ಹೆಸರು ನನ್ನದು, ಕೊನೆಯ ಹೆಸರು ಅವರದು. ಎಲ್ಲೆಲ್ಲಿಂದಲೋ ಕರೆ ಬಂತು. ಅಲ್ಲಿಯವರೆಗೆ ಅವರನ್ನು ಕಪ್ಪೆ ಮೇಡಂ ಎಂದು ಹಿಂದಿನಿಂದ ಆಡಿಕೊಳ್ಳುತ್ತಿದ್ದ ವಿಭಾಗದವರು ಹೂಗುಚ್ಛ ಹಿಡಿದು ಬಂದರು. ಪ್ರೊಫೆಸರ್ ಹುದ್ದೆಗೆ ಅವರ ಹೆಸರು ಮೊದಲ ಸಾರಿ ಮೇಲೆ ಹೋಯಿತು. ನಾನು ಹೊಸ ಸೀರೆ ಉಟ್ಟು ಫೋಟೋಕ್ಕೆ ನಿಂತೆ.

ಮರುವರ್ಷ ಅವರು ಇನ್ನೊಂದು ಕೆಲಸ ಹಿಡಿದರು. ಒಂದೊಂದು ಊರಿನ ಮಾದರಿಯಲ್ಲಿ ಎಷ್ಟು ತಾಯಂದಿರ ಮಕ್ಕಳಿದ್ದಾರೆ ಎಂದು ಡಿಎನ್‌ಎಯಿಂದ ನೋಡುವುದು. ನನಗೆ ಹೇಳಲಿಲ್ಲ. ಅನುಮಾನವಿತ್ತೋ ಏನೋ ನನಗೆ ಗೊತ್ತಿಲ್ಲ. ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಅವರು ಜಗುಲಿಯಲ್ಲಿ ಬೆಳಕಿಗೆ ಕೂತು ಹಾಳೆಗಳ ಮೇಲೆ ಅಡಿಪಟ್ಟಿ ಇಟ್ಟು ಒಂದೊಂದೇ ಸಾಲು ನೋಡುತ್ತಿದ್ದರು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ತೊಂಬತ್ತು ಮಕ್ಕಳಿಗೆ ಮೂರ ಮಂದಿ ಅವ್ವಂದಿರು ಬಂದಾರ" ಎಂದರು. "ಸಿದ್ದಾಪುರದ ಕೂಸಿಗೂ ಯಲ್ಲಾಪುರದ ಕೂಸಿಗೂ ಒಬ್ಬಾಕಿನ ಅವ್ವ ಹೆಂಗಾದ್ಲವಾ?"

ಕಳ್ಳನ ಮನಸ್ಸು ಹುಳ್ಳಗೆ. ಲ್ಯಾಬಿನಲ್ಲಿ ಏನೋ ಕಲಬೆರಕೆ ಆಗಿರಬೇಕು ಮೇಡಂ ಎಂದೆ. ಅವರು ತಲೆ ಎತ್ತಲಿಲ್ಲ.

"ಕಲಬೆರಕಿ ಆದ್ರ ಕಲಸಿದ್ಹಂಗ ಕಾಣ್ತೈತಿ. ಇದು ಹಂಚಿದ್ಹಂಗ ಐತಿ."

ಆಮೇಲೆ ಎಲ್ಲಿಂದ ತಂದೆ ಎಂದು ಕೇಳಿದರು. ಹೇಳಿದೆ. ಎಲೆಯ ಮೇಲೆ ಏನಾದರೂ ಉಳಿಸಿದ್ದೆಯಾ ಎಂದು ಕೇಳಿದರು. ಇಲ್ಲ ಎಂದೆ. ಸುಳ್ಳು ಊರು ಬರೆದದ್ದಕ್ಕೆ ಸುಮ್ಮನಿದ್ದವರು ಈ ಮಾತಿಗೆ ಹಾಳೆ ಕೆಳಗಿಟ್ಟು ಹಳದಿ ಬೆರಳಿನಿಂದ ಹಣೆ ಒತ್ತಿಕೊಂಡರು. ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಎದ್ದು ಹೋಗಿ ಚಾ ಮಾಡಿಕೊಂಡು ಬಂದು ನನ್ನೆದುರು ಒಂದು ಲೋಟ ಇಟ್ಟರು.

ಲೇಖನವನ್ನು ವಾಪಸು ಪಡೆಯಬೇಕು, ಆ ಪತ್ರ ನಾನೇ ಬರೆಯಬೇಕು ಎಂದರು. "ನೀ ಬರಿ. ನಿನ್ನ ಹೆಸರ್ಲೆ ಬರಿ. ಕೆಳಗ ನಾನೂ ಸಹಿ ಮಾಡ್ತೀನಿ. ಒಮ್ಮೆ ನಾಚಿಕಿ ಆಗ್ತೈತಿ, ಆಮ್ಯಾಲ ಕೆಲಸ ಮಾಡಾಕ ಬರ್ತೈತಿ." ಎಂಟು ದಿನ ಕೊಟ್ಟರು. ನನ್ನ ಡಿಗ್ರಿ ಹೋಗುತ್ತದೆ ಮೇಡಂ ಎಂದೆ. ಹೋಗಬಹುದು ಎಂದರು. ಅವರ ಹುದ್ದೆಯೂ ಹೋಗುತ್ತದೆ ಎಂದು ನಾನು ನೆನಪಿಸಲಿಲ್ಲ. ಅದು ಅವರಿಗೆ ಗೊತ್ತಿತ್ತು.

ಆ ಎಂಟು ದಿನದ ನಡುವೆ ನಮ್ಮ ವಿಭಾಗದ ಮುಖ್ಯಸ್ಥರು ಕಾರು ಮಾಡಿಕೊಂಡು ಸಿರಸಿಗೆ ಬಂದರು. ಮೇಡಂ ತಾವೇ ಮುಖ್ಯಸ್ಥರಿಗೆ ಫೋನಿನಲ್ಲಿ ಎಲ್ಲ ಹೇಳಿದ್ದರು. ದೊಡ್ಡ ಹೊಟ್ಟೆ, ಸಣ್ಣ ದನಿಯ ಮನುಷ್ಯ. ತಾವೇ ಪೇಟೆಯಿಂದ ಹಾಳೆಯಷ್ಟು ತೆಳ್ಳಗಿನ ಸಿಹಿ ತೊಡದೇವು ಕಟ್ಟಿಸಿಕೊಂಡು ಬಂದಿದ್ದರು. ಅದನ್ನು ಮುರಿದು ತಿನ್ನುತ್ತ, ಪುಡಿಯನ್ನು ನಮ್ಮ ಸೂಕ್ಷ್ಮದರ್ಶಕದ ಮೇಜಿನ ಮೇಲೆ ಉದುರಿಸುತ್ತ, ಇಡೀ ಒಂದು ಗಂಟೆ ಉಪದೇಶ ಮಾಡಿದರು. ವಿಭಾಗಕ್ಕೆ ತಪಾಸಣೆ ಬರುವ ವರ್ಷ. ಇಂಥ ಹೊತ್ತಿನಲ್ಲಿ ನಮ್ಮ ಮನೆಯ ಕಸ ನಾವೇ ಬೀದಿಗೆ ಹಾಕುವುದೇ? ಕಪ್ಪೆಯ ಬಾಲ ಒಂಬತ್ತನೇ ದಿನ ಕರಗಿದರೇನು, ಹನ್ನೊಂದನೇ ದಿನ ಕರಗಿದರೇನು, ಯಾವ ಕಪ್ಪೆ ಕೋರ್ಟಿಗೆ ಹೋಗುತ್ತದೆ? ತಮ್ಮ ಹಾಸ್ಯಕ್ಕೆ ತಾವೇ ನಕ್ಕರು. ಕೈಯನ್ನು ನಮ್ಮ ಕಿಟಕಿಯ ಪರದೆಗೆ ಒರೆಸಿಕೊಂಡರು.

ಮೇಡಂ ಕೊನೆಯವರೆಗೆ ಕೇಳಿಸಿಕೊಂಡು ಒಂದೇ ಮಾತು ಹೇಳಿದರು. "ನಾಳೆ ಇದನ್ನ ನಂಬಿ ಎಲ್ಲೋ ಒಂದು ಹುಡುಗಿ ನಾಕ ವರ್ಷ ದುಡೀತಾಳ ಸರ. ಆಕಿಗೆ ಸುಳ್ಳು ಅಂತ ನೀವು ಹೇಳ್ತೀರೋ, ನಾ ಹೇಳ್ಲೋ?"

ಮುಖ್ಯಸ್ಥರು ಹೊರಟರು. ಅವರ ಬ್ಯಾಗು ಹೊತ್ತು ಕಾರಿನವರೆಗೆ ಹೋದವಳು ನಾನು. ಅಲ್ಲಿ ಅವರು ದನಿ ಇನ್ನೂ ಸಣ್ಣ ಮಾಡಿ, ನೀನು ಏನೂ ಬರೆಯಬೇಡ, ಅವರೊಬ್ಬರೇ ಬರೆದುಕೊಳ್ಳಲಿ, ನಿನ್ನ ಪಿಎಚ್‌ಡಿ ನಾನು ನೋಡಿಕೊಳ್ಳುತ್ತೇನೆ ಎಂದರು. ನಾನು ತಲೆಯಾಡಿಸಿದೆ. ಥ್ಯಾಂಕ್ಸ್ ಸರ್ ಅಂತಲೂ ಅಂದೆ.

ಎಂಟನೆಯ ದಿನ ಜ್ವರ ಎಂದು ಮೆಸೇಜು ಕಳಿಸಿ ಮನೆಯಲ್ಲೇ ಉಳಿದೆ. ಒಂಬತ್ತನೆಯ ದಿನ ಮೇಡಂ ಒಬ್ಬರೇ ಆ ಪತ್ರಿಕೆಗೆ ಪತ್ರ ಕಳಿಸಿದರು. ಮಾದರಿಗಳ ಊರುಗಳು ಸರಿಯಿಲ್ಲ, ಪ್ರಕಟಿಸುವ ಮೊದಲು ನೋಡಬೇಕಾದವರು ತಾವು, ನೋಡಲಿಲ್ಲ ಎಂದು ಬರೆದಿದ್ದರು. ನನ್ನ ಹೆಸರು ಎತ್ತಿರಲಿಲ್ಲ. ಅದು ಕರುಣೆ ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ. ಕರುಣೆಯಲ್ಲ. ಆಮೇಲೆ ಒಮ್ಮೆ ಎದುರಾದಾಗ ಅವರೇ ಹೇಳಿದರು: "ನಿನ್ನ ತಪ್ಪು ನಾ ಬರಿಯೂದಲ್ಲವಾ. ಅದು ನೀ ಬರಿಯೂದು. ಜಾಗಾ ಖಾಲಿ ಬಿಟ್ಟೀನಿ."

ಮುಂದೆ ಆದದ್ದು ಯಾರಾದರೂ ಊಹಿಸಬಹುದು. ಲೇಖನ ವಾಪಸಾಯಿತು. ಹುದ್ದೆ ಬೇರೆಯವರಿಗೆ ಹೋಯಿತು. ಹೊಸ ವಿದ್ಯಾರ್ಥಿಗಳನ್ನು ಅವರ ಹತ್ತಿರ ಯಾರೂ ಕಳಿಸಲಿಲ್ಲ. ಹೆಸರಿನ ಆಸೆಗೆ ಮುದುಕಿಯೇ ಊರು ಬದಲಾಯಿಸಿ ಬರೆದಿದ್ದಾಳೆ, ಸಿಕ್ಕಿಬೀಳುವ ಮೊದಲು ಒಪ್ಪಿಕೊಂಡಿದ್ದಾಳೆ ಎಂದು ಕ್ಯಾಂಟೀನಿನಲ್ಲಿ ಮಾತು. ಆ ಮೇಜಿನ ಸುತ್ತ ಎಷ್ಟೋ ಸಲ ನಾನೂ ಕೂತಿದ್ದೆ. ಬಾಯಲ್ಲಿ ಇಡ್ಲಿ ಇತ್ತು. ನುಂಗಿದೆ. ಬೇರೆ ಅಧ್ಯಾಯಗಳನ್ನು ಹೊಲಿದು ಡಾಕ್ಟರ್ ಆದೆ, ಸಿದ್ದಾಪುರದ ಒಂದು ಕಾಲೇಜಿನಲ್ಲಿ ಕೆಲಸವೂ ಸಿಕ್ಕಿತು. ಯಾವ ಬಸ್ಸು ಹತ್ತಲು ಬೇಸರಪಟ್ಟು ಇಷ್ಟೆಲ್ಲ ಮಾಡಿದೆನೋ ಅದೇ ಬಸ್ಸಿನಲ್ಲಿ ದಿನಾ ಸಿರಸಿಯಿಂದ ಹೋಗಿ ಬರುತ್ತೇನೆ. ಮಕ್ಕಳಿಗೆ ಭ್ರೂಣಶಾಸ್ತ್ರ ಹೇಳುತ್ತೇನೆ. ಪ್ರಯೋಗದ ಪುಸ್ತಕದಲ್ಲಿ ಸುಳ್ಳು ಬರೆದರೆ ಕೆನ್ನೆಗೆ ಬಾರಿಸುತ್ತೇನೆ ಎಂದು ಹೆದರಿಸುತ್ತೇನೆ ಕೂಡ. ನಾಚಿಕೆ ಬಿಟ್ಟವರಿಗೆ ಊರೇ ಅರಮನೆ.

ಮೇಡಂ ನಿವೃತ್ತಿಯಾದ ಮೇಲೂ ಸಿರಸಿಯ ಆ ಮನೆ ಬಿಡಲಿಲ್ಲ. ಬೋರ್ಡು ವಿಶ್ವವಿದ್ಯಾಲಯದವರು ಕಿತ್ತುಕೊಂಡು ಹೋದರು, ಮನೆ ಇವರ ಬಾಡಿಗೆಯಲ್ಲಿ ಉಳಿಯಿತು. ಅದೇ ಪ್ರಶ್ನೆಯನ್ನು ಮೊದಲಿನಿಂದ ಹಿಡಿದರು. ಈಗ ಎಲೆ ಹುಡುಕುವವರೂ ಅವರೇ, ಡಬ್ಬಿ ಹೊರುವವರೂ ಅವರೇ. ಮಂಡಿ ನೋವು ಬಂದಿತ್ತು. ಆರು ಮಳೆಗಾಲ ಆ ಹೆಂಗಸು ಒಬ್ಬರೇ ಸಿದ್ದಾಪುರದ ಬಸ್ಸಿನಲ್ಲಿ ಪ್ಲಾಸ್ಟಿಕ್ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಓಡಾಡಿದರು.

ಅವರು ಕಂಡರೆ ನಾನು ಹಿಂದಿನ ಸೀಟಿಗೆ ಹೋಗಿ ಕೂರುತ್ತಿದ್ದೆ. ಒಂದು ಬೆಳಿಗ್ಗೆ ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಅವರು ಸರಿದು ಕೂತು ಪಕ್ಕದ ಸೀಟು ತಟ್ಟಿದರು. ಹಳೆಯದೊಂದೂ ಎತ್ತಲಿಲ್ಲ. ಮೂರೂ ಊರಿನ ಮೊಟ್ಟೆಗಳನ್ನು ಒಂದೇ ಕೋಣೆಯಲ್ಲಿ, ಒಂದೇ ಬಿಸಿಯಲ್ಲಿ ಇಟ್ಟರೂ ಸಿದ್ದಾಪುರದವು ಮಾತ್ರ ಎರಡು ದಿನ ತಡವಾಗಿ ಬಾಲ ಕರಗಿಸುತ್ತವೆ, ಅದು ಹವೆಯಿಂದಲ್ಲ, ರಕ್ತದಲ್ಲೇ ಇದೆ ಎಂದು ಹೇಳುವಾಗ ಅವರ ಮುಖ ನೋಡಬೇಕಿತ್ತು. "ನಾವು ಹೇಳಿದ ಸುಳ್ಳು ಎಷ್ಟು ಸಪ್ಪ ಇತ್ತು ನೋಡು ಇದರ ಮುಂದ" ಎಂದರು. ನಾವು ಎಂದರು. ನೀನು ಅನ್ನಲಿಲ್ಲ. ಈ ವಾರ ಬರೆಯುತ್ತೇನೆ ಮೇಡಂ ಎನ್ನಬೇಕೆಂದು ಅವರತ್ತ ತಿರುಗಿದೆ. ಅಷ್ಟರಲ್ಲಿ ಸಿದ್ದಾಪುರ ಬಂತು. ಕಾಲೇಜಿನ ಗಂಟೆ ಹೊಡೆಯುತ್ತದೆ ಎಂದು ಇಳಿದು ಓಡಿದೆ.

ಆ ಕೆಲಸ ಒಂದು ಸಣ್ಣ ಪತ್ರಿಕೆಯಲ್ಲಿ ಅವರೊಬ್ಬರ ಹೆಸರಿನಲ್ಲಿ ಬಂತು. ಹಿಂದಿನದು ಗೊತ್ತಿದ್ದವರು ಇದನ್ನೂ ನಂಬಲಿಲ್ಲ. ನಿಜ ಹೇಳಿದ್ದನ್ನು ನಂಬದ ಹಾಗೆ ಮಾಡಿದವಳು ನಾನು. ಹುದ್ದೆ ತಪ್ಪಿಸಿದ್ದಕ್ಕಿಂತ ಇದು ದೊಡ್ಡ ಪಾಪ.

ಈ ವರ್ಷ ಮಳೆ ಹಿಡಿಯುವ ಮೊದಲೇ ಅವರು ಹೋದರು. ಹೃದಯ. ಬೆಳಿಗ್ಗೆ ಪೂಜೆಗೆ ಕೂತವರು ಏಳಲಿಲ್ಲವಂತೆ. ದಾಸನಕೊಪ್ಪದಲ್ಲಿ ಮಣ್ಣು ಮಾಡಿದರು. ಹದಿನೈದು ದಿನಕ್ಕೆ ಸಿರಸಿಯಲ್ಲಿ ಶ್ರದ್ಧಾಂಜಲಿ ಸಭೆ. ಅಧ್ಯಕ್ಷತೆ ಯಾರದ್ದು? ಅದೇ ನಮ್ಮ ಮುಖ್ಯಸ್ಥರದ್ದು, ಈಗ ನಿವೃತ್ತರು. ಬದುಕಿದ್ದಾಗ ಆ ಮನೆಯ ಮೆಟ್ಟಿಲು ಹತ್ತದವರೆಲ್ಲ ಮುಂದಿನ ಸಾಲಿನಲ್ಲಿ. ಮುಖ್ಯಸ್ಥರು ಮೈಕು ಹಿಡಿದು ಅವರ ಶ್ರದ್ಧೆ, ಅವರ ಸರಳತೆ ಎಂದೆಲ್ಲ ಹೊಗಳಿ, ಕೊನೆಗೆ ನಿಟ್ಟುಸಿರು ಬಿಟ್ಟು, "ಚಂದ್ರನಲ್ಲೂ ಕಲೆ ಇರುತ್ತದೆ, ಅದನ್ನು ನಾವು ಮರೆಯೋಣ" ಎಂದರು.

ನಾನು ಎದ್ದು ಹೋಗಿ ಮೈಕಿನ ಮುಂದೆ ನಿಂತೆ. ಎಲ್ಲ ಹೇಳಿದೆ. ಬಚ್ಚಲ ಹಿಂದಿನ ಗಿಡ, ಮೂರು ಎಲೆ, ಡಬ್ಬಿಯ ಮೇಲೆ ನಾನು ಬರೆದ ಊರುಗಳು, ಎಂಟು ದಿನ, ಜ್ವರ. ಆ ಕಲೆ ಅವರದ್ದಲ್ಲ, ನನ್ನದು ಎಂದೆ.

ಮುಖ್ಯಸ್ಥರು ಮೆಲ್ಲಗೆ ಎದ್ದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. ನನ್ನ ಕಣ್ಣನ್ನೇ ನೋಡುತ್ತ, ಅದೇ ಸಣ್ಣ ದನಿಯಲ್ಲಿ ಮೈಕಿಗೆ ಹೇಳಿದರು: "ಗುರುವಿನ ಅಪವಾದವನ್ನು ತನ್ನ ತಲೆಯ ಮೇಲೆ ಹೊತ್ತುಕೊಳ್ಳುವ ಇಂಥ ಶಿಷ್ಯೆ ಈ ಕಾಲದಲ್ಲಿ ಎಲ್ಲಿ ಸಿಗುತ್ತಾಳೆ?" ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಒಬ್ಬರು ಕಣ್ಣು ಒರೆಸಿಕೊಂಡರು. ಅಲ್ಲ ಸರ್, ನಿಮಗೆ ಎಲ್ಲ ಗೊತ್ತಿತ್ತು ಎಂದು ನಾನು ಕೂಗಿದ್ದು ಚಪ್ಪಾಳೆಯಲ್ಲಿ ಯಾರಿಗೂ ಕೇಳಲಿಲ್ಲ. ಅಷ್ಟರಲ್ಲಿ ಯಾರೋ ಬಂದು ನನಗೊಂದು ಶಾಲು ಹೊದಿಸಿದರು. ವಂದನಾರ್ಪಣೆ ಶುರುವಾಯಿತು.

ಬಾಗಿಲ ಹತ್ತಿರ ಮೇಡಂ ಅವರ ತಂಗಿ ನಿಂತಿದ್ದರು. ದಾಸನಕೊಪ್ಪದಿಂದ ಒಬ್ಬರೇ ಬಸ್ಸಿನಲ್ಲಿ ಬಂದಿದ್ದರು. ಅವರು ಚಪ್ಪಾಳೆ ತಟ್ಟಿರಲಿಲ್ಲ. ನನ್ನನ್ನು ತಡೆದು ನಿಲ್ಲಿಸಿ, ಸಿಟ್ಟಿಲ್ಲದೆ, ದಣಿದವರ ದನಿಯಲ್ಲಿ ಹೇಳಿದರು.

"ನಮ್ಮಕ್ಕ ಇದ್ದಾಗ ಹೇಳಿದ್ರ ಯಾರರ ನಂಬತಿದ್ರವಾ. ಈಗ ನೋಡು, ನಿನ್ನನ್ನ ದೊಡ್ಡಾಕಿ ಮಾಡಿ ಕಳಿಸಿದ್ರು."

ಶಾಲು ಇನ್ನೂ ನನ್ನ ಮೈಮೇಲೇ ಇತ್ತು.